ನರರೋಗ ಸಂವಾದ ಮತ್ತು ಸಂಸ್ಕೃತಿ

ಮಿದುಳು, ಬೆನ್ನುಹುರಿ ಮತ್ತು ನರಗಳಿಗೆ ತಗಲುವ ಕಠಿನ ವ್ಯಾಧಿಗಳ ಸ್ವರೂಪವನ್ನೂ ಗತಿಯನ್ನೂ ಪರಿಣಾಮವನ್ನೂ ವೈದ್ಯನು ರೋಗಿಗೂ ಆತನ ಬಂಧುವರ್ಗಕ್ಕೂ ತಿಳಿಸುವ, ಅವರ ಮನಸ್ಸಿನಲ್ಲಿರುವುದನ್ನು ತಾನು ತಿಳಿದುಕೊಳ್ಳುವ, ಉಭಯರೂ ಕೂಡಿ ಚಿಕಿತ್ಸೆಯ ಮಾರ್ಗವನ್ನು ನಿಶ್ಚಯಿಸುವ ವ್ಯವಹಾರವನ್ನು ನರರೋಗ ಸಂವಾದವೆಂದು ಕರೆಯಬಹುದು. ಭಾಷೆ, ಮತ, ಕುಲಾಚಾರ, ವಿದ್ಯೆ ಇವುಗಳಲ್ಲಿ ಭೇದವುಳ್ಳವರ ನಡುವೆ ಇದು ನಡೆಯಬೇಕಾದಾಗ ಕಷ್ಟವು ಇಮ್ಮಡಿಯಾಗುತ್ತದೆ. ಹೃದ್ರೋಗಿಯಾಗಲಿ ಕ್ಷಯರೋಗಿಯಾಗಲಿ ತನ್ನ ಬಾಧೆಯನ್ನು ಬಹುಮಟ್ಟಿಗೆ ತಾನೇ ಹೇಳಿಕೊಳ್ಳಬಲ್ಲನು; ಪಾರ್ಶ್ವವಾಯು ಬಡಿದು ಮಾತು ನಿಂತವನು, ಸ್ಮೃತಿ ಅಳಿದುಹೋಗುತ್ತಿರುವ ವೃದ್ಧೆ, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಪ್ರಜ್ಞೆ ಮರಳದ ತರುಣ, ಇವರ ವಿಷಯದಲ್ಲಿಯಾದರೋ ಸಂಭಾಷಣೆಗೆ ಯಾವ ಅಂಗವು ಬೇಕೋ ಆ ಅಂಗಕ್ಕೇ ವ್ಯಾಧಿಯು ತಗಲಿರುತ್ತದೆ. ಆದಕಾರಣ ಇಲ್ಲಿ ಬಂಧುಗಳೇ ರೋಗಿಯ ನಾಲಗೆಯಾಗಿ, ನೆನಪಾಗಿ, ಅನೇಕ ವೇಳೆ ವಿವೇಕವೂ ಆಗಿ ವೈದ್ಯನೆದುರು ನಿಲ್ಲಬೇಕಾಗುತ್ತದೆ.

ನರರೋಗಗಳಿಗೆ ಅರ್ಥವನ್ನು ಹುಡುಕುವ ಪ್ರಯತ್ನ ಬಹು ಪುರಾತನವಾದದ್ದು. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಅಪಸ್ಮಾರಕ್ಕೆ, ಎಂದರೆ ಮೂರ್ಛೆರೋಗಕ್ಕೆ, ಪ್ರತ್ಯೇಕ ಅಧ್ಯಾಯಗಳಿದ್ದು, ದೋಷಗಳ ಪ್ರಕೋಪದಿಂದ ಅದು ಹುಟ್ಟುವ ಬಗೆಯನ್ನು ಅಲ್ಲಿ ವಿವರಿಸಿದೆ. ಗ್ರೀಸಿನಲ್ಲಿ ಕ್ರಿ.ಪೂ. 400ರ ಸುಮಾರಿಗೆ ಹಿಪೊಕ್ರೆಟಿಸನ ಪರಂಪರೆಯ ಗ್ರಂಥವೊಂದು, ಜನರು ದೈವಿಕವೆನ್ನುವ ಈ ವ್ಯಾಧಿಯು ಉಳಿದ ವ್ಯಾಧಿಗಳಿಗಿಂತ ಹೆಚ್ಚು ದೈವಿಕವಲ್ಲವೆಂದೂ ಅದರ ಮೂಲವು ಮಿದುಳಿನಲ್ಲಿದೆಯೆಂದೂ ವಾದಿಸಿತು. ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಬ್ಜನಿಗೆ ನಮ್ಮ ಶಿಲ್ಪಿಗಳು ಅಪಸ್ಮಾರಪುರುಷನೆಂದೇ ಹೆಸರಿಟ್ಟರು. ಶಾಸ್ತ್ರದ ಕಾರಣವೂ ದೈವದ ಕಾರಣವೂ ಹೀಗೆ ಸಹಸ್ರಾರು ವರ್ಷ ಜೊತೆಜೊತೆಯಾಗಿಯೇ ನಡೆದುಬಂದಿವೆ. ಬೆಳಗ್ಗೆ ಗುಳಿಗೆಯನ್ನು ನುಂಗಿ ಸಂಜೆ ತಾಯಿತ ಕಟ್ಟಿಸಿಕೊಳ್ಳುವ ಗೃಹಸ್ಥನಿಗೆ ಇವೆರಡರಲ್ಲಿ ಯಾವ ವಿರೋಧವೂ ತೋರುವುದಿಲ್ಲ, ತೋರಬೇಕೆಂದು ವೈದ್ಯನು ಹಟ ಹಿಡಿಯುವುದೂ ಅನಾವಶ್ಯಕ.

ರೋಗಿಗೆ ಸತ್ಯವನ್ನು ನೇರವಾಗಿ ತಿಳಿಸುವುದು ಪಾಶ್ಚಾತ್ಯರ ಸಹಜ ಧರ್ಮವೆಂದೂ ಮರೆಮಾಡುವುದು ಪೌರಸ್ತ್ಯರ ಸ್ವಭಾವವೆಂದೂ ಭಾವಿಸುವವರು ಇತಿಹಾಸವನ್ನು ಸ್ವಲ್ಪ ನೋಡಬೇಕು. 1961ರಲ್ಲಿ ಡೊನಾಲ್ಡ್ ಓಕನ್ ಎಂಬ ವೈದ್ಯರು ಶಿಕಾಗೋ ನಗರದ ಆಸ್ಪತ್ರೆಯೊಂದರ ವೈದ್ಯರನ್ನು ವಿಚಾರಿಸಿದಾಗ, ಅವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಅರ್ಬುದರೋಗ (ಕ್ಯಾನ್ಸರ್) ಇರುವ ಸಂಗತಿಯನ್ನು ರೋಗಿಗೆ ಹೇಳದಿರುವುದೇ ತಮ್ಮ ರೂಢಿಯೆಂದು ತಿಳಿಸಿದ್ದರು. 1979ರಲ್ಲಿ ಅಂಥದೇ ವಿಚಾರಣೆ ನಡೆದಾಗ ನೂರಕ್ಕೆ ತೊಂಬತ್ತೇಳು ಮಂದಿ ಹೇಳುವುದೇ ತಮ್ಮ ಪದ್ಧತಿಯೆಂದರು. ಹದಿನೆಂಟು ವರ್ಷಗಳ ಅವಧಿಯಲ್ಲಿ ಒಂದು ದೇಶದ ವೈದ್ಯವೃತ್ತಿಯ ಮನೋಧರ್ಮವೇ ತಿರುಗಿಬಿದ್ದ ಮೇಲೆ, ಯಾವ ಪದ್ಧತಿಯನ್ನೂ ಸನಾತನವೆಂದು ಹೇಳುವುದು ಸಾಧುವಲ್ಲ.

ಸಂವಾದವು ಕೆಟ್ಟರೆ ಏನಾಗಬಹುದೆಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮರ್ಸೆಡ್ ಎಂಬ ಊರಿನಲ್ಲಿ ನಡೆದ ಒಂದು ಪ್ರಸಂಗವು ಈ ವಿಷಯದ ಸಾಹಿತ್ಯದಲ್ಲೆಲ್ಲ ಪ್ರಸಿದ್ಧವಾಗಿದೆ. ಲಾವೋಸ್ ದೇಶದ ಬೆಟ್ಟಗಳಿಂದ ಯುದ್ಧಾನಂತರ ನಿರಾಶ್ರಿತರಾಗಿ ಬಂದ ಮಾಂಗ್ ಜನಾಂಗದ ದಂಪತಿಗಳಿಗೆ 1982ರಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಮೂರು ತಿಂಗಳಿರುವಾಗಲೇ ಮೂರ್ಛೆ ಬರತೊಡಗಿತು. ಅಕ್ಕನು ಬಾಗಿಲನ್ನು ದಢಾರನೆ ಮುಚ್ಚಿದ ಸದ್ದಿಗೆ ಬೆದರಿ ಮಗುವಿನ ಆತ್ಮವು ದೇಹವನ್ನು ಬಿಟ್ಟುಹೋಯಿತೆಂದೂ, ಬಲಿ ಪೂಜೆಗಳಿಂದ ಅದನ್ನು ಮರಳಿ ಕರೆಯಬೇಕೆಂದೂ ತಾಯಿತಂದೆಗಳು ದೃಢವಾಗಿ ನಂಬಿದರು. ಆ ಜನಾಂಗದಲ್ಲಿ ಮೂರ್ಛೆಯುಳ್ಳವರು ಎಷ್ಟೋ ವೇಳೆ ದೈವಜ್ಞರಾಗುವುದರಿಂದ ಅವರ ದುಃಖದೊಡನೆ ಒಂದು ಬಗೆಯ ಗೌರವವೂ ಬೆರೆತಿತ್ತು. ಆಸ್ಪತ್ರೆಗೆ ಮೊದಲೆರಡು ಸಲ ಮಗುವನ್ನು ತಂದಾಗ ಮೂರ್ಛೆಯು ಆಗಲೇ ನಿಂತಿದ್ದಿತು, ದುಭಾಷಿ ಯಾರೂ ಇರಲಿಲ್ಲ, ವೈದ್ಯರು ಶ್ವಾಸಕೋಶದ ಸೋಂಕೆಂದು ತಿಳಿದು ಔಷಧಿ ಕೊಟ್ಟು ಕಳುಹಿಸಿದರು. ರೋಗನಿರ್ಣಯವಾದ ಮೇಲಾದರೂ ಹಾದಿ ಸುಗಮವಾಗಲಿಲ್ಲ. ನಾಲ್ಕು ವರ್ಷಕ್ಕಿಂತ ಕಡಮೆ ಅವಧಿಯಲ್ಲಿ ಔಷಧಗಳ ಕ್ರಮವು ಇಪ್ಪತ್ತಮೂರು ಬಾರಿ ಬದಲಾಯಿತು, ಅಕ್ಷರವನ್ನರಿಯದ ತಾಯಿತಂದೆಗಳಿಗೆ ಶೀಶೆಯ ಮೇಲಿನ ಚೀಟಿಯನ್ನು ಓದಲಾಗುತ್ತಿರಲಿಲ್ಲ, ಔಷಧದಿಂದಲೇ ಮಗುವು ಕೆಡುತ್ತಿದೆಯೆಂಬ ಶಂಕೆಯೂ ಅವರನ್ನು ಬಾಧಿಸುತ್ತಿತ್ತು. ಔಷಧವನ್ನು ಸರಿಯಾಗಿ ಕೊಡುತ್ತಿಲ್ಲವೆಂಬ ಕಾರಣದಿಂದ ಮಗುವನ್ನು ಕಾನೂನಿನ ಬಲದಿಂದ ಸುಮಾರು ಒಂದು ವರ್ಷಕಾಲ ಪರರ ಮನೆಯಲ್ಲಿ ಇರಿಸಲಾಯಿತು. ಮನೆಗೆ ಮರಳಿದ ಕೆಲವು ತಿಂಗಳಲ್ಲಿ, 1986ರ ನವೆಂಬರಿನಲ್ಲಿ, ನಿಲ್ಲದ ಮೂರ್ಛೆಯೂ ತೀವ್ರ ಸೋಂಕೂ ಒಂದಾಗಿ ಬಂದು ಆಕೆಯ ಮಿದುಳು ನಷ್ಟವಾಯಿತು. ಬದುಕಲಾರಳೆಂದು ವೈದ್ಯರು ಮನೆಗೆ ಕಳುಹಿಸಿದ ಆ ಮಗು, ಪ್ರಜ್ಞೆಯಿಲ್ಲದೆಯೇ, ಮನೆಮಂದಿಯ ಶುಶ್ರೂಷೆಯಲ್ಲಿ 2012ರವರೆಗೂ ಜೀವಿಸಿದ್ದಳು.

ಈ ವೃತ್ತಾಂತವನ್ನು ಆನ್ ಫ್ಯಾಡಿಮನ್ ಎಂಬ ಲೇಖಕಿ 1997ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅದನ್ನೋದಿದವರ ಮನಸ್ಸಿಗೆ ಮುಖ್ಯವಾಗಿ ನಾಟುವುದೇನೆಂದರೆ, ಈ ದುರಂತದಲ್ಲಿ ದುಷ್ಟರು ಯಾರೂ ಇಲ್ಲ. ವೈದ್ಯರು ಶ್ರದ್ಧಾವಂತರು, ತಾಯಿತಂದೆಗಳು ಮಗುವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದವರು. ಆದರೆ ಈ ರೋಗ ಯಾತರಿಂದ ಬಂದಿತೆಂದು ನೀವು ತಿಳಿದಿದ್ದೀರಿ ಎಂಬ ಪ್ರಶ್ನೆಯನ್ನು ಅವರಿಗೆ ಸಕಾಲದಲ್ಲಿ ಯಾರೂ ಸಾವಧಾನವಾಗಿ ಹಾಕಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆರ್ಥರ್ ಕ್ಲೈನ್‌ಮನ್, ವೈದ್ಯರೂ ಮಾನವಶಾಸ್ತ್ರಜ್ಞರೂ ಆಗಿರುವ ವಿದ್ವಾಂಸರು, ತಮ್ಮ ಸಹೋದ್ಯೋಗಿಗಳೊಡನೆ 1978ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅಂಥ ಪ್ರಶ್ನಾವಳಿಯೊಂದನ್ನು ಸೂಚಿಸಿದ್ದರು. ನಮ್ಮ ಹೊರರೋಗಿ ವಿಭಾಗದ ಮಾತಿನಲ್ಲಿ ಕೇಳುವುದಾದರೆ ಅದು ಬಹು ಸರಳ: ಇದಕ್ಕೆ ನಿಮ್ಮ ಕಡೆ ಏನಂತಾರೆ? ಯಾತರಿಂದ ಬಂತು ಅನ್ನಿಸ್ತದೆ? ಆವಾಗಲೇ ಯಾಕೆ ಶುರುವಾಯ್ತು? ಇದರಿಂದ ನಿಮಗೆ ಏನೇನು ತೊಂದರೆ ಆಗಿದೆ? ಯಾವುದಕ್ಕೆ ಹೆಚ್ಚು ಹೆದರಿದ್ದೀರಿ? ಏನು ಗುಣವಾದರೆ ಸಾಕು ಅಂತ ಇದೆ? ಐದಾರು ನಿಮಿಷಗಳಲ್ಲಿ ಮುಗಿಯುವ ಈ ಮಾತುಕತೆಯಿಂದ ತಿಳಿಯುವಷ್ಟು ಸಂಗತಿ, ಇಂತಿಂಥ ಜಾತಿಯವರು ಹೀಗೆ ಹೀಗೆ ನಂಬುತ್ತಾರೆಂದು ಪಟ್ಟಿ ಮಾಡಿ ಕೊಡುವ ಪುಸ್ತಕಗಳಿಂದ ಎಂದಿಗೂ ತಿಳಿಯುವುದಿಲ್ಲ. ಅಂಥ ಪಟ್ಟಿಗಳು ಎದುರಿಗೆ ಕುಳಿತ ಮನುಷ್ಯನನ್ನು ಕಾಣದಂತೆ ಮಾಡುತ್ತವೆಂದು ಕ್ಲೈನ್‌ಮನ್ನರೇ ಮುಂದೆ ಎಚ್ಚರಿಸಿದ್ದಾರೆ. ಒಂದೇ ಮನೆಯ ಅಜ್ಜಿಯೂ ಮೊಮ್ಮಗನೂ ಒಂದೇ ರೋಗಕ್ಕೆ ಎರಡು ಬೇರೆ ಕಾರಣಗಳನ್ನು ಹೇಳುವುದುಂಟು.

ಕರ್ನಾಟಕದಲ್ಲಿ ಈ ವಿಷಯಕ್ಕೆ ವಿಶೇಷ ಪ್ರಸಕ್ತಿಯಿದೆ. 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಬೆಂಗಳೂರಿನ ನಿಮ್ಹಾನ್ಸ್ ಆಯಿತು; ಅಲ್ಲಿಯ ನರರೋಗವೈದ್ಯೆ ಎಂ. ಗೌರಿದೇವಿ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರು ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ ನಡೆಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಮಂದಿಗೆ ಮೂರ್ಛೆರೋಗವಿರುವುದು ಕಂಡುಬಂದಿತು, ಹಳ್ಳಿಗಳಲ್ಲಿ ಅದರ ಪ್ರಮಾಣವು ನಗರದ ಎರಡರಷ್ಟಿದ್ದಿತು. ಹಳ್ಳಿಯಲ್ಲಿ ಮೂರ್ಛೆ ಬಂದವನ ಕೈಗೆ ಬೀಗದ ಕೈಗೊಂಚಲನ್ನು ಹಿಡಿಸುವುದೂ, ಈರುಳ್ಳಿಯನ್ನು ಜಜ್ಜಿ ಮೂಗಿಗೆ ಹಿಡಿಯುವುದೂ, ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸುವುದೂ ಎಲ್ಲರೂ ಕಂಡ ಸಂಗತಿಗಳೇ. ಡಾ. ಕೆ. ಎಸ್. ಮಣಿಯವರು ಯಳಂದೂರು ತಾಲ್ಲೂಕಿನಲ್ಲಿ, ಹಳ್ಳಿಯ ಜನರ ನಡುವೆಯೇ ಚಿಕಿತ್ಸಾಕ್ರಮವನ್ನು ಏರ್ಪಡಿಸಿ, ಬೆಲೆ ಕಡಮೆಯಾದ ಹಳೆಯ ಔಷಧಗಳಿಂದಲೇ ಬಹುಮಂದಿಯ ಮೂರ್ಛೆಯನ್ನು ಹತೋಟಿಗೆ ತರಬಹುದೆಂದು ತೋರಿಸಿಕೊಟ್ಟರು. ಕೀಲಿ ಹಿಡಿಸುವ ಮುದುಕಿಯನ್ನು ಗದರಿಸುವುದರಿಂದ ಈ ಕಾರ್ಯವು ಎಂದಿಗೂ ಸಿದ್ಧಿಸುತ್ತಿರಲಿಲ್ಲ. ಕೀಲಿಯಿಂದ ಕೆಡುಕಿಲ್ಲ, ಗುಳಿಗೆಯನ್ನು ಮಾತ್ರ ಒಂದು ದಿನವೂ ಬಿಡಬೇಡಿ ಎಂದರೆ ಕೇಳುವ ಕಿವಿಗಳು, ನಿಮ್ಮದೆಲ್ಲ ಮೂಢನಂಬಿಕೆ ಎಂದೊಡನೆ ಮುಚ್ಚಿಕೊಳ್ಳುತ್ತವೆ.

ನಮ್ಮ ನಾಡಿನ ಆಚಾರವನ್ನರಿಯದ ವೈದ್ಯನಿಗೆ ತಿಳಿಯುವುದೇ ದುಸ್ತರವಾದ ರೋಗವೊಂದು ದಕ್ಷಿಣ ಕರ್ನಾಟಕದಲ್ಲಿ ಹೇರಳವಾಗಿದೆ. ಅದು ಬಿಸಿನೀರಿನ ಮೂರ್ಛೆ. ಹಂಡೆಯಲ್ಲಿ ಕಾದ ನೀರನ್ನು, ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ, ಎಣ್ಣೆ ಹಚ್ಚಿದ ತಲೆಯ ಮೇಲೆ ಚೊಂಬಿನಿಂದ ಬೇಗಬೇಗನೆ ಎರೆದುಕೊಳ್ಳುವುದು ನಮ್ಮಲ್ಲಿ ಮನೆಮನೆಯ ಪದ್ಧತಿ. ಆ ನೀರಿನ ಶಾಖವು ನಲವತ್ತರಿಂದ ಐವತ್ತು ಡಿಗ್ರಿ ಸೆಲ್ಸಿಯಸ್‌ವರೆಗೂ ಇರುವುದುಂಟು. ಕೆಲವರಿಗೆ ಹೀಗೆ ಎರೆದುಕೊಳ್ಳುತ್ತಿರುವಾಗಲೇ ದೃಷ್ಟಿ ನಿಂತು, ಅರ್ಥವಿಲ್ಲದ ಮಾತು ಹೊರಟು, ನೀರನ್ನು ನಿಲ್ಲಿಸಲಾರದೆ ಹುಯ್ದುಕೊಳ್ಳುತ್ತಲೇ ಇದ್ದು, ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಮೂರ್ಛೆರೋಗಿಗಳ ಪೈಕಿ ನೂರಕ್ಕೆ ಸುಮಾರು ಏಳು ಮಂದಿಗೆ ಈ ಬಗೆಯ ಮೂರ್ಛೆಯಿದ್ದಿತು. ಸ್ನಾನ ಹೇಗೆ ಮಾಡುತ್ತೀಯಮ್ಮ ಎಂದು ವೈದ್ಯನು ಕೇಳದಿದ್ದರೆ, ಬಚ್ಚಲುಮನೆಯ ಪಿಶಾಚಿಯೆಂದು ಮನೆಯವರು ತಿಳಿದಿರುವುದನ್ನು ಆ ಹೆಂಗಸು ತಾನಾಗಿ ಹೇಳುವುದಿಲ್ಲ. ಕೇಳಿ ತಿಳಿದುಕೊಂಡಲ್ಲಿ ಪರಿಹಾರ ಸುಲಭ: ನೀರಿನ ಬಿಸಿಯನ್ನು ತಗ್ಗಿಸುವುದು, ಮೊದಲು ಮೈಗೆ ಹುಯ್ದುಕೊಂಡು ತಲೆಯನ್ನು ಕೊನೆಗೆ ಒದ್ದೆಬಟ್ಟೆಯಿಂದ ತೊಳೆಯುವುದು, ಬೇಕಾದವರಿಗೆ ತಲೆಗೆ ಎರೆದುಕೊಳ್ಳುವುದಕ್ಕೆ ಒಂದೆರಡು ಗಂಟೆ ಮುಂಚೆ ವೈದ್ಯನು ಗೊತ್ತುಮಾಡಿದ ಗುಳಿಗೆಯೊಂದನ್ನು ಕೊಡುವುದು. ಎಣ್ಣೆನೀರನ್ನೇ ಬಿಟ್ಟುಬಿಡಿ ಎಂದರೆ ಯಾವ ತಾಯಿಯೂ ಒಪ್ಪಲಾರಳು. ಹೀಗೆ ಎರೆದುಕೊಳ್ಳಿ ಎಂದರೆ ಒಪ್ಪುತ್ತಾಳೆ.

ಮೂರ್ಛೆಯನ್ನು ಮರೆಮಾಡುವುದಕ್ಕೆ ವಿವಾಹವು ದೊಡ್ಡ ಕಾರಣ. 1955ರ ಹಿಂದೂ ವಿವಾಹ ಕಾನೂನಿಗೆ 1976ರಲ್ಲಿ ಬಂದ ತಿದ್ದುಪಡಿಯು ಪದೇ ಪದೇ ಬರುವ ಬುದ್ಧಿಭ್ರಮಣೆಯೊಡನೆ ಮೂರ್ಛೆಯನ್ನೂ ಸೇರಿಸಿ ವಿವಾಹಕ್ಕೆ ಅನರ್ಹತೆಯೆಂದು ಗಣಿಸಿದ್ದಿತು. 1999ರಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ಕಾನೂನು ಬದಲಾದರೂ ಗಂಡಿನ ಕಡೆಯವರ ಭೀತಿ ಬದಲಾಗಲಿಲ್ಲ. ಮದುವೆಯ ಮನೆಯಲ್ಲಿ ಗುಟ್ಟು ಬಯಲಾದೀತೆಂದು ಗುಳಿಗೆಯನ್ನು ನಿಲ್ಲಿಸಿ ಅದರಿಂದಲೇ ಮೂರ್ಛೆ ಬರಿಸಿಕೊಳ್ಳುವ ಹುಡುಗಿಯರ ಪಾಡು ಕರುಣಾಜನಕವಾದದ್ದು. ಮದುವೆಗೆ ಮುಂಚೆ ಎರಡೂ ಕಡೆಯವರನ್ನು ಕೂಡಿಸಿ ವೈದ್ಯನೇ ರೋಗದ ನಿಜಸ್ಥಿತಿಯನ್ನು, ಹುಡುಗಿಯ ಒಪ್ಪಿಗೆ ಪಡೆದು, ತಿಳಿಸುವುದಕ್ಕಿಂತ ಮಿಗಿಲಾದ ಉಪಕಾರವಿಲ್ಲ.

ಸತ್ಯವನ್ನು ಯಾರಿಗೆ ಹೇಳಬೇಕೆಂಬುದು ಈ ಶಾಸ್ತ್ರದ ಅತ್ಯಂತ ವಿವಾದಾಸ್ಪದವಾದ ಭಾಗ. 1995ರಲ್ಲಿ ಲಾಸ್ ಏಂಜಲಿಸ್ ನಗರದ ನಾಲ್ಕು ಜನವರ್ಗಗಳ ಎಂಟುನೂರು ಮಂದಿ ವೃದ್ಧರ ಅಭಿಪ್ರಾಯವು ಪ್ರಕಟವಾಯಿತು. ದೇಹದಲ್ಲೆಲ್ಲ ಹರಡಿದ ಅರ್ಬುದವನ್ನು ರೋಗಿಗೇ ತಿಳಿಸಬೇಕೆಂದವರು ಯೂರೋಪ್ ಮೂಲದವರಲ್ಲಿ ನೂರಕ್ಕೆ 87, ಆಫ್ರಿಕ ಮೂಲದವರಲ್ಲಿ 88, ಮೆಕ್ಸಿಕೋ ಮೂಲದವರಲ್ಲಿ 65, ಕೊರಿಯಾ ಮೂಲದವರಲ್ಲಿ 47. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನವು, ನವಾಹೋ ಜನರು ಕೆಡುಕಿನ ಮಾತಾಡಿದರೆ ಕೆಡುಕೇ ಬರುವುದೆಂದು ನಂಬುವುದನ್ನೂ, ಆದಕಾರಣ ಮುಂದಾಗಬಹುದಾದ ಅಪಾಯಗಳನ್ನು ಎಣಿಸಿ ಹೇಳುವ ವೈದ್ಯನು ಅವರ ಕಣ್ಣಿಗೆ ಅಪಾಯವನ್ನು ಕರೆಯುವವನಾಗಿ ಕಾಣುವುದನ್ನೂ ವಿವರಿಸಿತು. ಅಶುಭದ ಮಾತು ಬಾಯಿಂದ ಬಂದೊಡನೆ ‘ಬಿಡ್ತು ಅನ್ನು’ ಎಂದು ಮಕ್ಕಳಿಗೆ ಹೇಳಿಕೊಡುವ ಕನ್ನಡಿಗರಿಗೆ ಇದು ಅನ್ಯವಾದ ಭಾವವೇನಲ್ಲ. ನಮ್ಮಲ್ಲಿ ರೋಗಿಯನ್ನು ಒಳಗೆ ಕೂರಿಸಿ, ಹಿರಿಯ ಮಗನು ಬಾಗಿಲ ಬಳಿ ಬಂದು, “ಅಪ್ಪನ ಎದುರಿಗೆ ಏನೂ ಹೇಳಬೇಡಿ ಡಾಕ್ಟರೇ, ಎದೆ ಒಡ್ಕೋತಾರೆ” ಎಂದು ಪಿಸುಗುಟ್ಟುವುದು ಪ್ರತಿದಿನದ ಅನುಭವ. ಇದು ವಂಚನೆಯಲ್ಲ, ಭಾರವನ್ನು ತಾನು ಹೊತ್ತು ತಂದೆಯನ್ನು ಕಾಪಾಡಬೇಕೆಂಬ ಪುತ್ರಧರ್ಮ. ಆದರೆ ತಂದೆಗೂ ತನ್ನ ಬಾಳಿನ ಮೇಲೆ ಹಕ್ಕಿದೆ, ಬರೆದಿಡಬೇಕಾದ ಲೆಕ್ಕವಿರಬಹುದು, ಕಾಶಿಗೋ ಧರ್ಮಸ್ಥಳಕ್ಕೋ ಹೋಗಿಬರುವ ಇಚ್ಛೆಯಿರಬಹುದು. ಕೈಕಾಲು ದಿನೇ ದಿನೇ ಬಲಗುಂದುತ್ತಿರುವುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಕೆನಡಾದ ನೀತಿಶಾಸ್ತ್ರಜ್ಞ ಬೆಂಜಮಿನ್ ಫ್ರೀಡ್‌ಮನ್ 1993ರಲ್ಲಿ ತೋರಿಸಿದ ದಾರಿಯು ಇಲ್ಲಿ ಶ್ಲಾಘ್ಯವಾದದ್ದು. ಸತ್ಯವನ್ನು ರೋಗಿಯ ಮೇಲೆ ಹೇರಬೇಕಾಗಿಲ್ಲ, ಅವನಿಂದ ಅಡಗಿಸಲೂ ಬೇಕಾಗಿಲ್ಲ. ಬೇಕೇ ಎಂದು ಅವನನ್ನೇ ಕೇಳಬೇಕು. “ಯಜಮಾನರೇ, ಪರೀಕ್ಷೆಯ ವಿಷಯವನ್ನೆಲ್ಲ ನಿಮಗೇ ಹೇಳಲೋ, ಮಗನ ಹತ್ತಿರ ಮಾತಾಡಿದರೆ ಸಾಕೋ?” ಎಂದು ಕೇಳಿದಾಗ, ಅವನೇ ನೋಡಿಕೊಳ್ಳಲಿ ಎಂದು ಎಷ್ಟೋ ಮಂದಿ ಕೈ ತೋರಿಸುತ್ತಾರೆ, ನನಗೇ ಹೇಳಿ ಎನ್ನುವವರೂ ಇದ್ದಾರೆ. ಎರಡೂ ಅವರವರ ನಿರ್ಣಯವೇ. ಬುದ್ಧಿಶಕ್ತಿಯನ್ನೇ ಕ್ರಮೇಣ ಕಳೆಯುವ ವ್ಯಾಧಿಗಳಲ್ಲಿ ಈ ಪ್ರಶ್ನೆಯನ್ನು ಮೊದಲ ಭೇಟಿಗಳಲ್ಲಿಯೇ ಕೇಳತಕ್ಕದ್ದು. ತಡಮಾಡಿದರೆ ಉತ್ತರಿಸಬಲ್ಲ ಮನಸ್ಸು ಉಳಿದಿರುವುದಿಲ್ಲ.

ಇನ್ನು ಭಾಷೆಯ ವಿಷಯ. ಅಮೆರಿಕದ ಫ್ಲಾರಿಡಾದಲ್ಲಿ 1980ರಲ್ಲಿ ಹದಿನೆಂಟು ವರ್ಷದ ತರುಣನೊಬ್ಬನು ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಬಂದಾಗ, ತಿಂದದ್ದು ವಿಷವಾಗಿರಬೇಕೆಂದು ಅವನ ಮನೆಯವರು ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ವೈದ್ಯರು ಮಾದಕವಸ್ತುವಿನ ಸೇವನೆಯೆಂದು ತಿಳಿದರು. ಮಿದುಳಿನ ರಕ್ತಸ್ರಾವವು ದಿನಗಳ ಮೇಲೆ ಪತ್ತೆಯಾಯಿತು, ಆ ವೇಳೆಗೆ ಅವನ ಕೈಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದ್ದವು. ಗ್ಲೆನ್ ಫ್ಲೋರೆಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದುಭಾಷಿಯ ಮೂಲಕ ನಡೆದ ಹದಿಮೂರು ಭೇಟಿಗಳಲ್ಲಿ ಒಟ್ಟು 396 ಭಾಷಾಂತರದ ತಪ್ಪುಗಳನ್ನು ಎಣಿಸಿದರು, ಅವುಗಳಲ್ಲಿ ನೂರಕ್ಕೆ 63 ಚಿಕಿತ್ಸೆಗೆ ಬಾಧಕವಾಗಬಹುದಾದವು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ರಾಯಲಸೀಮೆಯಿಂದಲೂ ಬಂಗಾಳದಿಂದಲೂ ಈಶಾನ್ಯದ ಬೆಟ್ಟಗಳಿಂದಲೂ ರೋಗಿಗಳು ಬರುತ್ತಾರೆ. ದುಭಾಷಿಯ ಕೆಲಸವು ವಾರ್ಡಿನ ಆಯಾಗೋ ಪಕ್ಕದ ಹಾಸಿಗೆಯವರಿಗೋ ಶಾಲೆಗೆ ಹೋಗುವ ಮಗನಿಗೋ ಬೀಳುತ್ತದೆ. ತನ್ನ ತಾಯಿಯ ತಲೆಯಲ್ಲಿ ಗೆಡ್ಡೆಯಿದೆಯೆಂದು ತಾಯಿಗೆ ತಾನೇ ಹೇಳಬೇಕಾದ ಹನ್ನೆರಡು ವರ್ಷದ ಹುಡುಗನು ಅದನ್ನು ಹೇಗೆ ಹೇಳಿಯಾನು? ಇದಕ್ಕೆ ಶಿಕ್ಷಣ ಪಡೆದ ದುಭಾಷಿಗಳ ನೇಮಕವೊಂದೇ ಪರಿಹಾರ.

ಬಹುಭಾಷೆಗಳನ್ನಾಡುವವನಿಗೆ ಪಾರ್ಶ್ವವಾಯು ಬಂದರೆ ಎಲ್ಲ ಭಾಷೆಗಳೂ ಸಮನಾಗಿ ಕೆಡುವುದಿಲ್ಲ. ಆಲ್ಬೆರ್ ಪಿತ್ರ್ ಎಂಬ ಫ್ರೆಂಚ್ ವೈದ್ಯನು 1895ರಲ್ಲಿಯೇ, ರೋಗಿಯು ಹೆಚ್ಚಾಗಿ ಬಳಸುತ್ತಿದ್ದ ಭಾಷೆಯೇ ಸಾಮಾನ್ಯವಾಗಿ ಮೊದಲು ಮರಳುವುದೆಂದು ಹೇಳಿದ್ದನು. ಮನೆಯಲ್ಲಿ ತಮಿಳು ಅಥವಾ ಉರ್ದು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುತ್ತಿದ್ದವನನ್ನು ಯಾವ ಭಾಷೆಯಲ್ಲಿ ಮಾತಾಡಿಸಬೇಕೆಂದು ಹೆಂಡತಿಯನ್ನು ಕೇಳದೆ, ಇವನಿಗೆ ಮಾತು ತಿಳಿಯುವುದಿಲ್ಲವೆಂದು ಬರೆದಿಡುವುದು ಅನ್ಯಾಯ. ಸ್ಮೃತಿಯ ಪರೀಕ್ಷೆಗಳ ವಿಷಯವೂ ಹಾಗೆಯೇ. ಅಕ್ಷರಸ್ಥರಿಗೆಂದು ರಚಿತವಾದ ಪ್ರಶ್ನೆಗಳನ್ನು ಓದುಬರಹವಿಲ್ಲದ ರೈತನಿಗೆ ಹಾಕಿ ಅವನನ್ನು ಮತಿಗೆಟ್ಟವನೆಂದು ನಿರ್ಣಯಿಸಬಾರದೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಕನ್ನಡವೂ ಸೇರಿದಂತೆ ಐದು ದೇಶಭಾಷೆಗಳಲ್ಲಿ ಪರೀಕ್ಷಾವಳಿಯನ್ನು ಸಿದ್ಧಪಡಿಸಿದೆ. ಅರವತ್ತಕ್ಕೆ ಅರಳುಮರಳು ಎಂದು ಮನೆಯವರು ಸುಮ್ಮನಿದ್ದುದರಿಂದ ವೈದ್ಯನ ಬಳಿಗೆ ತಡವಾಗಿ ಬರುವ ವೃದ್ಧರೇ ಬಹಳ.

ಎಲ್ಲಕ್ಕಿಂತ ಕಠಿನವಾದ ಮಾತು ಮಿದುಳಿನ ಮರಣದ್ದು. 1968ರಲ್ಲಿ ಹಾರ್ವರ್ಡಿನ ಸಮಿತಿಯೊಂದು ಮಿದುಳಿನ ಕಾರ್ಯವು ಸಂಪೂರ್ಣವಾಗಿ ನಿಲ್ಲುವುದನ್ನೇ ಮರಣವೆಂದು ಪರಿಗಣಿಸಲು ಸೂಚಿಸಿತು. ಅದೇ ವರ್ಷ ಜಪಾನಿನ ಸಪ್ಪೊರೊದಲ್ಲಿ ನಡೆದ ಹೃದಯ ಜೋಡಣೆಯು ಆ ದೇಶದಲ್ಲಿ ಎಂಥ ಸಂಶಯವನ್ನು ಬಿತ್ತಿತೆಂದರೆ, ಮಿದುಳು ಸತ್ತವರ ಅಂಗಗಳ ಜೋಡಣೆಗೆ ಕಾನೂನಾಗಲು 1997ರವರೆಗೆ ಕಾಯಬೇಕಾಯಿತು. ಅಮೆರಿಕದ ನ್ಯೂಜೆರ್ಸಿ ಪ್ರಾಂತವು 1991ರಲ್ಲಿ, ಮತಧರ್ಮದ ನಂಬಿಕೆಯಿಂದ ಇದನ್ನೊಪ್ಪದವರಿಗೆ ವಿನಾಯಿತಿಯನ್ನು ಕೊಟ್ಟಿತು. ಭಾರತದ 1994ರ ಕಾನೂನಿನಂತೆ ನಾಲ್ವರು ವೈದ್ಯರು ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳುಕಾಂಡದ ಮರಣವನ್ನು ಘೋಷಿಸಬೇಕು. ಕಾನೂನು ಸ್ಪಷ್ಟವಾಗಿದ್ದರೂ ಹೆತ್ತವಳ ಕಣ್ಣಿಗೆ ಕಾಣುವುದೇ ಬೇರೆ: ಮೈ ಬೆಚ್ಚಗಿದೆ, ಎದೆ ಏರಿಳಿಯುತ್ತಿದೆ, ಯಂತ್ರದ ಪರದೆಯಲ್ಲಿ ಹೃದಯದ ಗೆರೆ ಓಡುತ್ತಿದೆ. “ಉಸಿರಾಡ್ತಾ ಇದಾನಲ್ಲ ಸ್ವಾಮಿ” ಎನ್ನುವ ಆಕೆಗೆ, ಇನ್ನೂ ಯಂತ್ರದ ಮೇಲೆ ಬದುಕಿದ್ದಾನೆ ಎಂದು ಒಬ್ಬ ವೈದ್ಯನೂ, ಹೋಗಿಬಿಟ್ಟಿದ್ದಾನೆ ಎಂದು ಇನ್ನೊಬ್ಬನೂ ಹೇಳಿದರೆ ಆಕೆ ಯಾರನ್ನು ನಂಬಬೇಕು? ಆದಕಾರಣ ಎಲ್ಲರೂ ಒಂದೇ ಮಾತನ್ನಾಡಬೇಕು. ಉಸಿರು ಯಂತ್ರದ್ದು, ಅವನದಲ್ಲ ಎಂಬುದನ್ನು ಸಾಧ್ಯವಾದರೆ ಪರೀಕ್ಷೆಯ ವೇಳೆಯಲ್ಲಿಯೇ ಹತ್ತಿರ ನಿಲ್ಲಿಸಿಕೊಂಡು ತೋರಿಸಬೇಕು. ಅಂಗದಾನದ ಮಾತನ್ನು ಮರಣದ ಮಾತಿನೊಡನೆ ಒಂದೇ ಉಸಿರಿನಲ್ಲಿ ಎತ್ತಬಾರದು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ರಸ್ತೆಯ ಅಪಘಾತದಿಂದ ಹೀಗೆ ತೀರಿಕೊಂಡಾಗ ಅವರ ಕುಟುಂಬದವರು ಅಂಗಗಳನ್ನು ದಾನಮಾಡಿದರು. ಆ ದಿನಗಳಲ್ಲಿ ಮಿದುಳಿನ ಮರಣವೆಂದರೇನೆಂಬ ಪ್ರಶ್ನೆಯನ್ನು ಕನ್ನಡಿಗರು ಮನೆಮನೆಯಲ್ಲಿ ಚರ್ಚಿಸಿದರು.

ಮರಣವಾಗಿಲ್ಲದೆ ಪ್ರಜ್ಞೆಯೂ ಮರಳದೆ ಉಳಿದವರ ವಿಷಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ವಯಸ್ಕನಾದವನು ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂಬುದನ್ನು ಮುಂಚಿತವಾಗಿಯೇ ಬರೆದಿಡಬಹುದೆಂದು ತೀರ್ಪು ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿ, ಇಬ್ಬರು ಸಾಕ್ಷಿಗಳ ಎದುರಿಗೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಆದೇಶವನ್ನು ಹೊರಡಿಸಿತು. ಸಾವಿನ ಮಾತನ್ನೆತ್ತುವುದು ನಮ್ಮ ಮನೆಗಳಲ್ಲಿ ಅಶುಭವೆನಿಸಿದರೂ, ಈ ಒಂದು ಮಾತನ್ನು ಮನೆಯ ಹಿರಿಯರೊಡನೆ, ಅವರ ನಾಲಗೆಯೂ ನೆನಪೂ ನೆಟ್ಟಗಿರುವಾಗಲೇ, ಬಿಡುವಾದ ಒಂದು ದಿನ ಕುಳಿತು ಆಡಿ, ಅವರು ಹೇಳಿದ್ದನ್ನು ಕಾಗದದ ಮೇಲೆ ಬರೆಯಿಸಿ, ನಾಳೆ ವೈದ್ಯನೆದುರು ಯಾರು ಮಾತಾಡಬೇಕೆಂಬುದನ್ನೂ ಅವರಿಂದಲೇ ಗೊತ್ತುಮಾಡಿಸಿಕೊಳ್ಳುವಂತೆ ಓದುಗರನ್ನು ಪ್ರಾರ್ಥಿಸಬೇಕಾಗಿದೆ.